ಉಬುಂಟು ವೆಬ್ ಸರ್ವರ್‌ನಲ್ಲಿ ಪರ್ಮಿಷನ್ ಮತ್ತು ಸಿಂಬಾಲಿಕ್ ಲಿಂಕ್: 403 ಬಂದರೆ ಎಲ್ಲಿ ನೋಡಬೇಕು

ಬ್ರೌಸರ್‌ನಲ್ಲಿ 403 (ಅನುಮತಿ ಇಲ್ಲ ಎಂಬ ಎರರ್) ಕಂಡ ಕೂಡಲೇ ಪರ್ಮಿಷನ್ ಬದಲಿಸುವ ಸಿಎಚ್‌ಮಾಡ್ ಕಮಾಂಡಿನಿಂದ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಹೊಡೆಯುವ ಚಾಳಿ ಬಹಳ ಜನಕ್ಕಿದೆ. ಎಷ್ಟೋ ಸಲ ಅದರಿಂದಲೂ ಪುಟ ತೆರೆಯುವುದಿಲ್ಲ. ಫೈಲ್ ಸರಿಯಾಗೇ ಇರುತ್ತದೆ, ಅಡ್ಡಿ ಇರುವುದು ಅದರತ್ತ ಹೋಗುವ ದಾರಿಯಲ್ಲಿ.

ಉಬುಂಟುವಿನಲ್ಲಿ ವೆಬ್ ಸರ್ವರ್ ಅಪಾಚೆಯಾಗಲಿ ಎಂಜಿನ್‌ಎಕ್ಸ್ ಆಗಲಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಯೂಸರ್ ಹೆಸರಲ್ಲಿ ಓಡುತ್ತದೆ. ಪರ್ಮಿಷನ್ನಿನ ಅಂಕಿಗಳಲ್ಲಿ ಓದಲು 4, ಬರೆಯಲು 2, ಎಕ್ಸಿಕ್ಯೂಟ್‌ಗೆ 1. ಕೂಡಿ ಬಂದ ಮೂರು ಅಂಕಿಗಳು ಮಾಲೀಕ, ಗ್ರೂಪ್, ಉಳಿದವರು ಎಂಬ ಕ್ರಮದಲ್ಲಿರುತ್ತವೆ. ಫೋಲ್ಡರಿನ ವಿಷಯದಲ್ಲಿ ಆ 1 ಎಂದರೆ ಅದನ್ನು ಹೊಕ್ಕು ದಾಟುವ ಅನುಮತಿ. ಮೇಲಿನ ಒಂದೇ ಒಂದು ಫೋಲ್ಡರಿನಲ್ಲಿ ಅದು ತಪ್ಪಿದರೂ ಕೆಳಗಿರುವ ಫೈಲ್ ಸಿಗದು. ಉಬುಂಟು 21.04ರಿಂದ ಹೊಸದಾಗಿ ಸೃಷ್ಟಿಸಿದ ಹೋಮ್ ಫೋಲ್ಡರ್ 750 ಆಗಿರುತ್ತದೆ, ಅಂದರೆ ಉಳಿದವರು ಅದನ್ನು ಹೊಗಲಾರರು. ಸೈಟನ್ನು ಅದರೊಳಗಿಟ್ಟವರಿಗೆ 403 ಬರುವುದು ಇದೇ ಕಾರಣಕ್ಕೆ. ‘ನೇಮ್‌ಐ -ಎಲ್’ ಮುಂದೆ ಫೈಲಿನ ಪೂರ್ಣ ಪಾತ್ ಕೊಡಿ. ರೂಟ್‌ನಿಂದ ಕೊನೆಯವರೆಗೆ ಒಂದೊಂದು ಮೆಟ್ಟಿಲಿನ ಪರ್ಮಿಷನ್ನೂ, ನಡುವಿನ ಸಿಂಬಾಲಿಕ್ ಲಿಂಕುಗಳೂ (ಬೇರೊಂದು ಜಾಗದತ್ತ ಕೈ ತೋರಿಸುವ ಹೆಸರುಗಳೂ) ಸಾಲಾಗಿ ಕಾಣುತ್ತವೆ.

ಫೋಲ್ಡರಿಗೆ 755, ಫೈಲಿಗೆ 644 ಸಾಕು. ಆದರೆ ಇಡೀ ಸೈಟಿಗೆ ಒಟ್ಟಿಗೆ ‘ಸಿಎಚ್‌ಮಾಡ್ -ಆರ್ 755’ ಕೊಟ್ಟರೆ ಚಿತ್ರ, ಸಿಎಸ್‌ಎಸ್ ಎಲ್ಲಕ್ಕೂ ಎಕ್ಸಿಕ್ಯೂಟ್ ಬಿಟ್ ಅಂಟುತ್ತದೆ. ‘ಫೈಂಡ್’ ಕಮಾಂಡಿಗೆ ಮೊದಲು ‘-ಟೈಪ್ ಡಿ’ ಕೊಟ್ಟು 755, ಆಮೇಲೆ ‘-ಟೈಪ್ ಎಫ್’ ಕೊಟ್ಟು 644 ಮಾಡಿ. ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲಿನ ಗ್ರೂಪನ್ನು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾಗೆ ಬದಲಿಸಿ 640 ಕೊಡಿ. ಬರೆಯುವ ಹಕ್ಕು ಅಪ್‌ಲೋಡ್, ಕ್ಯಾಶ್ ಫೋಲ್ಡರುಗಳಿಗೆ ಮಾತ್ರ ಇರಲಿ. ಅದಕ್ಕೂ 777 ಬೇಡ, ಮಾಲೀಕನನ್ನು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾಗೆ ಬದಲಿಸಿದರೆ 755 ಸಾಲುತ್ತದೆ.

ಇನ್ನು ಲಿಂಕ್. ಅದನ್ನು ಸೃಷ್ಟಿಸುವ ‘ಎಲ್‌ಎನ್ -ಎಸ್’ ನಂತರ ಮೊದಲು ಅಸಲಿ ಜಾಗ, ಆಮೇಲೆ ಲಿಂಕಿನ ಹೆಸರು. ಈ ಕ್ರಮ ಅದಲುಬದಲಾಗುವುದೇ ಹೆಚ್ಚು. ಲಿಂಕಿನ ಪರ್ಮಿಷನ್ 777 ಎಂದು ಕಂಡರೆ ಗಾಬರಿ ಬೇಡ, ಲೆಕ್ಕಕ್ಕೆ ಬರುವುದು ಅದು ತೋರಿಸುವ ಜಾಗದ್ದು ಮತ್ತು ಅಲ್ಲಿಗೆ ಹೋಗುವ ದಾರಿಯದ್ದು. ರಿಲೇಟಿವ್ ಪಾತ್ (ರೂಟ್‌ನಿಂದ ಶುರುವಾಗದ ಪಾತ್) ಕೊಟ್ಟರೆ ಅದನ್ನು ಎಣಿಸುವುದು ಲಿಂಕ್ ಇರುವ ಫೋಲ್ಡರಿನಿಂದ, ನೀವು ಕಮಾಂಡ್ ಕೊಟ್ಟ ಜಾಗದಿಂದಲ್ಲ. ಅಪಾಚೆಯಲ್ಲಿ ‘ಫಾಲೋಸಿಮ್‌ಲಿಂಕ್ಸ್’ ಆಪ್ಷನ್ ಇರಬೇಕು. ‘ಸಿಮ್‌ಲಿಂಕ್ಸ್‌ಇಫ್‌ಓನರ್‌ಮ್ಯಾಚ್’ ಇದ್ದರೆ ಲಿಂಕಿನ ಮಾಲೀಕನೂ ಗುರಿಯ ಮಾಲೀಕನೂ ಒಬ್ಬನೇ ಆಗಿರಬೇಕು. ಲಿಂಕಿನ ಮಾಲೀಕನನ್ನು ಬದಲಿಸಲು ‘ಸಿಎಚ್‌ಓನ್ -ಎಚ್’ ಬೇಕು. -ಎಚ್ ಬಿಟ್ಟರೆ ಗುರಿಯ ಮಾಲೀಕ ಬದಲಾಗುತ್ತಾನೆ.

‘ಕರೆಂಟ್’ ಎಂಬ ಲಿಂಕನ್ನು ಹಳೇ ರಿಲೀಸ್ ಫೋಲ್ಡರಿನಿಂದ ಹೊಸದಕ್ಕೆ ತಿರುಗಿಸುವಾಗ ‘ಎಲ್‌ಎನ್ -ಎಸ್‌ಎಫ್‌ಎನ್’ ಬಳಸಿ. ಕೊನೆಯ ‘ಎನ್’ ಮರೆತರೆ ಹಳೇ ಫೋಲ್ಡರಿನ ಒಳಗೇ ಇನ್ನೊಂದು ಲಿಂಕ್ ಹುಟ್ಟಿಕೊಂಡು, ಸೈಟ್ ಮಾತ್ರ ಇದ್ದಲ್ಲೇ ಇರುತ್ತದೆ. ಎರರ್ ಕೂಡ ಬಾರದ್ದರಿಂದ ತಪ್ಪು ಹಿಡಿಯಲು ಹೊತ್ತು ಬೇಕು. ಲಿಂಕ್ ಸರಿಯಾಗಿಯೇ ತಿರುಗಿದ್ದೂ ಪಿಎಚ್‌ಪಿ ಹಳೇ ಕೋಡನ್ನೇ ಓಡಿಸುತ್ತಿದ್ದರೆ ಅದರ ರಿಯಲ್‌ಪಾತ್ ಕ್ಯಾಶ್ (ಅಸಲಿ ಪಾತ್‌ಗಳ ನೆನಪು) ಅಥವಾ ಆಪ್‌ಕ್ಯಾಶ್ (ಕಂಪೈಲ್ ಆದ ಕೋಡಿನ ನೆನಪು) ಕಾರಣ. ರಿಯಲ್‌ಪಾತ್ ಕ್ಯಾಶಿನ ಡಿಫಾಲ್ಟ್ ಆಯಸ್ಸು 120 ಸೆಕೆಂಡ್. ಪಿಎಚ್‌ಪಿಯನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಸರ್ವಿಸನ್ನು ರೀಲೋಡ್ ಮಾಡಿ. ಲಿಂಕ್ ಅಳಿಸುವಾಗ ‘ಆರ್‌ಎಂ ಕರೆಂಟ್’ ಎಂದಷ್ಟೇ ಕೊಡಿ, ಕೊನೆಗೆ ಸ್ಲ್ಯಾಶ್ ಹಾಕಬೇಡಿ.