ಹಳೇ ತೇಗದ ಬಾಗಿಲಿನ ಮಾರ್ಟೈಸ್ ಲಾಕ್ ರಿಪೇರಿ: ನನ್ನ ಅನುಭವ

ಮಾರ್ಟೈಸ್ ಲಾಕ್ ಎಂದರೆ ಬಾಗಿಲಿನ ಅಂಚಿನೊಳಗೆ ಹುದುಗಿಸಿದ ಬೀಗ. ಹಿಡಿ ಒತ್ತಿದರೆ ಅದರ ನಾಲಿಗೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಹೊರಗೆ ಬರುತ್ತಿರಲಿಲ್ಲ. ಕೀಲಿ ಮಾತ್ರ ಸಲೀಸಾಗಿ ತಿರುಗುತ್ತಿತ್ತು. ಅಂದರೆ ಲಿವರ್‌ಗಳು (ಕೀಲಿ ಎತ್ತುವ ಒಳಗಿನ ತೆಳು ಪಟ್ಟಿಗಳು) ಸರಿಯಿವೆ, ಅನುಮಾನ ನಾಲಿಗೆಯನ್ನು ಹೊರಗೆ ತಳ್ಳುವ ಲ್ಯಾಚ್ ಸ್ಪ್ರಿಂಗ್ ಮೇಲೆ. ಇಷ್ಟಕ್ಕೆ ಇಡೀ ಲಾಕ್ ಬದಲಿಸಬೇಕಿಲ್ಲ.

ಎರಡೂ ಬದಿಯ ಹಿಡಿ ಬಿಚ್ಚಿ, ಅವನ್ನು ಜೋಡಿಸುವ ಚೌಕ ಸರಳು (ಸ್ಪಿಂಡಲ್) ಎಳೆದುಕೊಳ್ಳಿ. ಬಾಗಿಲಿನ ಅಂಚಿನ ಸ್ಕ್ರೂಗಳ ಗೀರಿನಲ್ಲಿ ತುಂಬಿದ ಪೇಂಟನ್ನು ಮೊದಲು ಕೆರೆಯಿರಿ, ಇಲ್ಲದಿದ್ದರೆ ಸ್ಕ್ರೂಡ್ರೈವರ್ ಜಾರಿ ತಲೆ ಸವೆಯುತ್ತದೆ. ಸ್ಕ್ರೂಗಳನ್ನು ಬಿಚ್ಚಿದ ಮೇಲೆ ಸ್ಪಿಂಡಲ್ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ನೇರವಾಗಿ ಎಳೆದರೆ ಲಾಕ್‌ನ ಪೆಟ್ಟಿಗೆ ಹೊರಬರುತ್ತದೆ. ಮರಕ್ಕೆ ಆನಿಸಿ ಮೀಟಲೇಬೇಡಿ; ಅಲ್ಲಿ ಎರಡೂ ಬದಿ ಮರ ತೆಳು, ಸೀಳಿಬಿಡುತ್ತದೆ.

ಪೆಟ್ಟಿಗೆಯನ್ನು ಮಲಗಿಸಿ, ಮುಚ್ಚಳವನ್ನು ನಿಧಾನಕ್ಕೆ ಎತ್ತಿ ತಕ್ಷಣ ಫೋಟೋ ತೆಗೆಯಿರಿ. ಲಿವರ್‌ಗಳ ಕ್ರಮ ತಪ್ಪಿದರೆ ಕೀಲಿ ತಿರುಗುವುದಿಲ್ಲ. ಇಲ್ಲಿ ಸ್ಪ್ರಿಂಗ್ ಕೊನೆಯ ಸುತ್ತಿನಲ್ಲಿ ತುಂಡಾಗಿತ್ತು. ಅದೇ ಉದ್ದ, ಅದೇ ತಂತಿ ದಪ್ಪದ್ದನ್ನೇ ಹಾಕಿದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಿಡಿ ಬಿಗಿಯಾಗುತ್ತದೆ. ವರ್ಷಗಟ್ಟಲೆ ಬಿಟ್ಟ ಕೊಬ್ಬರಿ ಎಣ್ಣೆ ದೂಳಿನೊಡನೆ ಅಂಟಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಲಿವರ್‌ಗಳಿಗೆ ಗ್ರಾಫೈಟ್ ಪುಡಿ ಮಾತ್ರ.

ಮಳೆಗಾಲದಲ್ಲಿ ನಾಲಿಗೆ ಬಾಗಿಲ ಚೌಕಟ್ಟಿನ ಲೋಹದ ತಟ್ಟೆಗೆ ತಾಗಿದರೆ ಮೊದಲು ಬಾಗಿಲಿನ ಕೀಲುಗಳ (ಹಿಂಜ್) ಸ್ಕ್ರೂ ಬಿಗಿಮಾಡಿ. ಆಮೇಲೂ ತಾಗಿದರೆ ನಾಲಿಗೆಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ, ತಟ್ಟೆಯ ಮೇಲೆ ಗುರುತು ಬಿದ್ದಲ್ಲಿ ಅರದಿಂದ ಉಜ್ಜಿ.

ಪೆಟ್ಟಿಗೆಯೇ ಬಿರುಕುಬಿಟ್ಟಿದ್ದರೆ ಹೊಸದು ಬೇಕು. ಅಂಗಡಿಗೆ ಹಳೆಯದನ್ನೇ ಒಯ್ಯಿರಿ. ಸ್ಪಿಂಡಲ್ ಮಧ್ಯದಿಂದ ಕೀಲಿತೂತಿನ ಮಧ್ಯಕ್ಕೆ, ಬಾಗಿಲಿನ ಅಂಚಿನಿಂದ ಸ್ಪಿಂಡಲ್‌ಗೆ ಇರುವ ಎರಡು ಅಳತೆ ಮುಖ್ಯ. ಇವು ಹೊಂದದಿದ್ದರೆ ತೇಗದ ಬಾಗಿಲಿಗೆ ಹೊಸ ತೂತು ಕೊರೆಯಬೇಕಾಗುತ್ತದೆ.