ಬೇಡದ್ದನ್ನು ಕಳೆಯುತ್ತಾ ಕಲಿತ ಫಿಸಿಕ್ಸ್

ಪಾರ್ಟಿಕಲ್ ಫಿಸಿಕ್ಸ್ ಅಂದ ತಕ್ಷಣ ನಮ್ಮ ಕೋಲಾರದ ಕಡೆ ಹುಡುಗರು ಕೇಳುವುದು ಒಂದೇ: ‘ಸರ್, ನೀವು ಯಾವ ಕಣ ಕಂಡುಹಿಡಿದಿರಿ?’ ನಾನು ಇಷ್ಟು ವರ್ಷ ಜಾಸ್ತಿ ಹುಡುಕಿದ್ದು ಕಣವನ್ನಲ್ಲ, ಕಣ ಪತ್ತೆಹಚ್ಚುವ ಉಪಕರಣವಾದ ಡಿಟೆಕ್ಟರ್‌ನಲ್ಲಿ ಬೇಡದ ಸಿಗ್ನಲ್ ಎಲ್ಲಿಂದ ಬರುತ್ತಿದೆ ಅನ್ನುವುದನ್ನು. ಲ್ಯಾಬಿನಲ್ಲಿ ಇದನ್ನೇ ನಾಯ್ಸ್, ಬ್ಯಾಕ್‌ಗ್ರೌಂಡ್ ಅನ್ನುತ್ತೇವೆ. ಇದು ನನಗೆ ತುಂಬಾ ಇಷ್ಟದ ಕೆಲಸ.

ಪಿಯುಸಿ ಬಂಗಾರಪೇಟೆಯಲ್ಲಿ, ಬಿಎಸ್ಸಿ ಕೋಲಾರದಲ್ಲಿ, ಎಂಎಸ್ಸಿ ಬೆಂಗಳೂರಿನ ಜ್ಞಾನಭಾರತಿಯಲ್ಲಿ ಆಯಿತು. ಎಂಟ್ರೆನ್ಸ್ ಬರೆದು ಪಿಎಚ್‌ಡಿಗೆ ಸೇರಿದೆ. ಅಲ್ಲಿ ಮೊದಲು ಕೈಗೆ ಕೊಟ್ಟಿದ್ದು ಸಿಂಟಿಲೇಟರ್ ಹಲಗೆ. ಇದೊಂದು ಬಗೆಯ ಪ್ಲಾಸ್ಟಿಕ್. ಚಾರ್ಜ್ ಇರುವ ಕಣ ಹಾದುಹೋದರೆ ಒಳಗೆ ಚೂರೇ ಚೂರು ಬೆಳಕು ಹುಟ್ಟುತ್ತದೆ. ತುದಿಗೆ ಅಂಟಿಸಿದ ಫೋಟೊಮಲ್ಟಿಪ್ಲಯರ್ ಆ ಬೆಳಕನ್ನು ಕರೆಂಟಿನ ಪಲ್ಸ್ ಮಾಡುತ್ತದೆ. ರೂಮಿನ ಬೆಳಕು ಸೂಜಿಮೊನೆಯಷ್ಟು ಒಳಗೆ ಹೋದರೂ ಕೆಲಸ ಕೆಟ್ಟಿತು. ಅದಕ್ಕೇ ಮೊದಲು ಹೊಳೆಯುವ ಹಾಳೆ, ಮೇಲೆ ಕಪ್ಪು ಕಾಗದ, ಅದರ ಮೇಲೆ ಕಪ್ಪು ಟೇಪು ಸುತ್ತುತ್ತೇವೆ.

ಒಂದು ಹಲಗೆ ಹಗಲಲ್ಲಿ ಜಾಸ್ತಿ ಎಣಿಸುತ್ತಿತ್ತು, ರಾತ್ರಿ ಕಡಿಮೆ. ಆಕಾಶದಿಂದ ಬರುವ, ಎಲೆಕ್ಟ್ರಾನಿನ ಜಾತಿಯವೇ ಆದರೂ ಹೆಚ್ಚು ಭಾರದ ಕಣಗಳಾದ ಮ್ಯೂಯಾನ್‌ಗಳು ಹಗಲು ರಾತ್ರಿ ನೋಡಿ ಅಷ್ಟೊಂದು ಬದಲಾಗುವುದಿಲ್ಲ. ಅಂದರೆ ಎಲ್ಲೋ ಬೆಳಕು ನುಗ್ಗುತ್ತಿದೆ. ದೀಪ ಆರಿಸಿ, ಕಿಟಕಿ ಮುಚ್ಚಿ, ಮಂದ ಟಾರ್ಚ್ ಹಿಡಿದು ಟೇಪಿನ ಅಂಚಿನ ಗುಂಟ ನಿಧಾನವಾಗಿ ಸಾಗಿದೆ. ಗೆಳೆಯ ಕೌಂಟರ್ ನೋಡುತ್ತಾ ಎಣಿಕೆ ಕೂಗುತ್ತಿದ್ದ. ಹಲಗೆಗೂ ಫೋಟೊಮಲ್ಟಿಪ್ಲಯರ್ ಟ್ಯೂಬಿಗೂ ಸೇರುವ ಮೂಲೆಯ ಹತ್ತಿರ ಬಂದಾಗ ಎಣಿಕೆ ದಿಢೀರನೆ ಏರಿತು. ಟೇಪಿನ ಒಂದು ಮಡಿಕೆ ಸ್ವಲ್ಪ ಎದ್ದಿತ್ತು, ಅಷ್ಟೇ. ಇದನ್ನು ಮಾಡುವವರು ಒಂದು ನೆನಪಿಡಿ: ಹೈ ವೋಲ್ಟೇಜ್ ಹಾಕಿರುವಾಗ ಜೋರು ಬೆಳಕು ಬಿದ್ದರೆ ಫೋಟೊಮಲ್ಟಿಪ್ಲಯರ್ ಹಾಳಾಗಬಹುದು. ಟಾರ್ಚ್ ಮಂದವೇ ಇರಲಿ.

ಆಮೇಲಿನ ಪಾಠ ಕೊಯಿನ್ಸಿಡೆನ್ಸ್. ಒಂದರ ಮೇಲೊಂದು ಎರಡು ಹಲಗೆ ಇಟ್ಟು, ಎರಡರಲ್ಲೂ ಒಟ್ಟಿಗೆ ಬಂದ ಪಲ್ಸ್ ಮಾತ್ರ ಎಣಿಸುವುದು. ಮ್ಯೂಯಾನ್ ಎರಡನ್ನೂ ತೂರಿ ಹೋಗುತ್ತದೆ. ನಾಯ್ಸ್ ಆದರೆ ಒಂದೊಂದರಲ್ಲಿ ಅದರ ಪಾಡಿಗೆ ಬರುತ್ತದೆ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್ ಬೀಳುತ್ತದೆ. ನಿಮ್ಮ ಎಣಿಕೆ ಸರಿಯೋ ಇಲ್ಲವೋ ನೋಡಲು ಇದೇ ಮೊದಲ ಅಳತೆ.

ಇದೆಲ್ಲ ಕೈಗೆ ಹತ್ತಿದ ಮೇಲೆ ನನ್ನ ಗೈಡ್ ಕೆಜಿಎಫ್‌ನ ಹಳೆಯ ಪೇಪರ್‌ಗಳನ್ನು ಓದಲು ಕೊಟ್ಟರು. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ, ಆದರೂ ನನಗೆ ಚಿನ್ನದ ಕಥೆ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. 1951ರಲ್ಲೇ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು ಕೌಂಟರ್ ಹಿಡಿದು ಗಣಿಗೆ ಇಳಿದು, ಆಳಕ್ಕೆ ಹೋದಂತೆ ಮ್ಯೂಯಾನ್ ಎಷ್ಟು ಕಡಿಮೆಯಾಗುತ್ತದೆ ಅಂತ ಅಳೆಯಲು ಶುರು ಮಾಡಿದ್ದರು. 1960ರ ದಶಕದ ಆರಂಭದಲ್ಲಿ ಇನ್ನೂ ಆಳಕ್ಕೆ ಹೋದರು. ತೀರಾ ಕೆಳಗಿನ ಮಟ್ಟದಲ್ಲಿ ದಿನಗಟ್ಟಲೆ ಕಾದರೂ ಒಂದು ಮ್ಯೂಯಾನೂ ಸಿಗಲಿಲ್ಲ.

ಆ ಸೊನ್ನೆಯೇ ದೊಡ್ಡ ಫಲಿತಾಂಶ. ಮೇಲಿನ ಬಂಡೆ ಹೆಚ್ಚುಕಡಿಮೆ ಎಲ್ಲವನ್ನೂ ತಡೆದಿದೆ, ಇನ್ನು ಇಲ್ಲಿ ಬಂಡೆಯನ್ನೂ ಸಲೀಸಾಗಿ ದಾಟುವ, ಚಾರ್ಜ್ ಇಲ್ಲದ ನ್ಯೂಟ್ರಿನೊ ಕಣವನ್ನು ಹುಡುಕಬಹುದು ಅಂತ ಅರ್ಥ. 1965ರಲ್ಲಿ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್ ತಂಡದವರು ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಸಿಂಟಿಲೇಟರ್ ಮತ್ತು ನಿಯಾನ್ ಟ್ಯೂಬುಗಳನ್ನು ಗೋಡೆಯಂತೆ ನಿಲ್ಲಿಸಿದರು. ಯಾಕೆ ಗೋಡೆ? ಅಷ್ಟು ಆಳಕ್ಕೆ ಉಳಿದು ಬರುವ ಮ್ಯೂಯಾನ್ ಹೆಚ್ಚಾಗಿ ನೆತ್ತಿಯ ಮೇಲಿಂದಲೇ ಬರುತ್ತದೆ, ಓರೆಯಾಗಿ ಬಂದರೆ ದಾರಿಯ ಬಂಡೆ ಇನ್ನೂ ಜಾಸ್ತಿ. ಹಾಗಾಗಿ ಅಡ್ಡಡ್ಡ ಬಂದ ಜಾಡು ನ್ಯೂಟ್ರಿನೊ ಬಂಡೆಗೆ ತಾಗಿ ಹುಟ್ಟಿದ ಮ್ಯೂಯಾನಿನದ್ದೇ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಹೀಗೆ ಮೊದಲು ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ, ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ. ಎಷ್ಟು ಚೆಂದದ ಯೋಚನೆ ಅಲ್ವಾ? ಕೋಲಾರದ ಪ್ರತಿ ಬಿಎಸ್ಸಿ ಕ್ಲಾಸಿನಲ್ಲಿ ಇದನ್ನು ಹೇಳಬೇಕು ಅನ್ನುವುದು ನನ್ನ ಆಸೆ.

ಪೋಸ್ಟ್‌ಡಾಕ್‌ಗೆ ಜಿನೀವಾ ಹತ್ತಿರದ ಪಾರ್ಟಿಕಲ್ ಫಿಸಿಕ್ಸ್ ಲ್ಯಾಬ್ ಸರ್ನ್‌ಗೆ, ಸಿಎಂಎಸ್ ಪ್ರಯೋಗಕ್ಕೆ ಹೋದೆ. ಅಲ್ಲಿ ಪ್ರೋಟಾನ್ ಗುಂಪುಗಳು ಸೆಕೆಂಡಿಗೆ 4 ಕೋಟಿ ಸಲ ಎದುರಾಗುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಆಗಿಂದಾಗಲೇ ಆರಿಸುವ ವ್ಯವಸ್ಥೆಯೇ ಟ್ರಿಗರ್. ಟ್ರಿಗರ್‌ನ ಮೊದಲ ಹಂತ ಅದರಲ್ಲಿ ಸುಮಾರು 1 ಲಕ್ಷ ಮಾತ್ರ ಇಟ್ಟುಕೊಳ್ಳುತ್ತದೆ. ನನ್ನ ಪಾಲಿಗೆ ಬಂದಿದ್ದು ಮ್ಯೂಯಾನ್ ಹಿಡಿಯುವ ಆರ್‌ಪಿಸಿ ಚೇಂಬರ್‌ಗಳು: ಎರಡು ಬೇಕಲೈಟ್ ಹಾಳೆ, ನಡುವೆ 2 ಮಿಲಿಮೀಟರ್ ಜಾಗ, ಅದರಲ್ಲಿ ಗ್ಯಾಸ್, ಮೇಲೆ ಸಾವಿರಾರು ವೋಲ್ಟ್. ಶಿಫ್ಟ್‌ನಲ್ಲಿ ಕೂತು ಚೇಂಬರ್‌ಗಳ ಕರೆಂಟ್ ನೋಡುವುದೇ ಕೆಲಸ. ಏರಿದರೆ ಗ್ಯಾಸ್, ತೇವಾಂಶ, ಕನೆಕ್ಟರ್, ಅರ್ಥಿಂಗ್, ಒಂದೊಂದಾಗಿ ನೋಡುತ್ತಾ ಹೋಗಬೇಕು.

ನಾನು ಸೇರುವ ಹೊತ್ತಿಗೆ, ಬಹಳ ವರ್ಷ ಹುಡುಕಿದ ಹಿಗ್ಸ್ ಬೋಸಾನ್ ಕಣ ಸಿಕ್ಕಾಗಿತ್ತು. 2012ರ ಜುಲೈ 4ರಂದು ಆ ಸುದ್ದಿ ಹೇಳುವ ಮೊದಲು ಅಲ್ಲಿನವರು ಹೊಸ ಡೇಟಾದಲ್ಲಿ ಸಿಗ್ನಲ್ ಇರಬಹುದಾದ ಭಾಗವನ್ನು ಮುಚ್ಚಿಟ್ಟು, ಬ್ಯಾಕ್‌ಗ್ರೌಂಡ್ ಲೆಕ್ಕದ ವಿಧಾನವನ್ನು ಮೊದಲು ಗಟ್ಟಿ ಮಾಡಿಕೊಂಡಿದ್ದರು. ಆಮೇಲೆ ತೆರೆದು ನೋಡಿದ್ದು. ಆಸೆ ಲೆಕ್ಕದೊಳಗೆ ನುಸುಳದಿರಲಿ ಅಂತ ಈ ಶಿಸ್ತು. ಪೇಪರ್‌ನಲ್ಲಿ ಸಾವಿರಾರು ಹೆಸರಿರುತ್ತವೆ, ನಮ್ಮ ಹೆಸರು ಎಲ್ಲೋ ನಡುವೆ. ಆದರೆ ಯಾವ ಚೇಂಬರ್ ಯಾರು ಸರಿ ಮಾಡಿದ್ದು ಅಂತ ಒಳಗಿನವರಿಗೆ ಗೊತ್ತಿರುತ್ತದೆ.

ಈಗ ಊರಿಗೆ ಬಂದಾಗೆಲ್ಲ ಕೋಲಾರದ ಬಿಎಸ್ಸಿ ಮಕ್ಕಳ ಜೊತೆ ಕೂರುತ್ತೇನೆ. ಈ ದಾರಿಗೆ ಬರುವವರು ಸೋಲ್ಡರಿಂಗ್, ಆಸಿಲೋಸ್ಕೋಪ್, ಪೈಥಾನ್ ಈಗಲೇ ಕಲಿಯಿರಿ. ಎರಡು ಹಲಗೆ ಸಿಕ್ಕರೆ ಕೋನ ಬದಲಾಯಿಸುತ್ತಾ ಎಣಿಸಿ ನೋಡಿ. ನೆಟ್ಟಗೆ ಮೇಲೆ ನೋಡಿದಾಗ ಬರುವುದರ ಸುಮಾರು ಅರ್ಧ 45 ಡಿಗ್ರಿಗೆ ಬರಬೇಕು. ತುಂಬಾ ಜಾಸ್ತಿ ಬಂದರೆ, ಒಂದು ಹಲಗೆಯ ಸಿಗ್ನಲ್ಲನ್ನು ಬೇಕಂತಲೇ ತಡ ಮಾಡಿ ಮತ್ತೆ ಎಣಿಸಿ. ಆಗಲೂ ಸಿಗುವ ಜೋಡಿಗಳು ಸುಮ್ನೆ ಆಕಸ್ಮಿಕವಾಗಿ ಕೂಡಿದವು. ಅಷ್ಟನ್ನು ಕಳೆದು ಉಳಿದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.