ಹದಿನೈದು ಪೈಸೆಯ ಕಾರ್ಡಿಗೆ 610 ರೂಪಾಯಿ

ಶಿರಸಿ ಹತ್ತಿರದ ನಮ್ಮ ತವರುಮನೆಯಲ್ಲಿ ಬಂದ ಕಾಗದವನ್ನೆಲ್ಲ ತಂತಿಯ ಕೊಕ್ಕೆಗೆ ಚುಚ್ಚಿ ಇಡುವ ರೂಢಿಯಿತ್ತು. ಕೊಕ್ಕೆ ತುಂಬಿದರೆ ಅಟ್ಟಕ್ಕೆ, ಹೊಸ ತಂತಿ ಗೋಡೆಗೆ. ಆರು ವರ್ಷಗಳ ಹಿಂದೆ ಹೆಂಚು ತೆಗೆದು ಮಾಡು ರಿಪೇರಿ ಮಾಡಿಸುವಾಗ ಅಂಥ ಏಳು ತಂತಿಗಳು ಕೆಳಗಿಳಿದವು. ಅಪ್ಪಯ್ಯ ಅವನ್ನು ಬಚ್ಚಲ ಒಲೆಯ ಪಕ್ಕಕ್ಕೆ ಹಾಕಿದ್ದರು. ನಾನು ಕಾರವಾರಕ್ಕೆ ತಂದೆ.

ತರುವಾಗ ವ್ಯಾಪಾರದ ಯೋಚನೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊಬೈಲ್‌ನಲ್ಲಿ ಹಳೆಯ ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚೀಟಿಗಳನ್ನು ಹರಾಜು ಹಾಕುವ ಒಂದು ಗುಂಪಿಗೆ ಆಗಲೇ ಸೇರಿದ್ದೆ. ಈಬೇ ಭಾರತದಲ್ಲಿ ತನ್ನ ಅಂಗಡಿಯನ್ನು 2018ರಲ್ಲಿ ಮುಚ್ಚಿದ ಮೇಲೆ ಇಂಥ ಸಣ್ಣ ಸರಕಿನ ಹರಾಜು, ನಾನು ಕಂಡಂತೆ, ಹೆಚ್ಚಾಗಿ ಈ ಗುಂಪುಗಳಲ್ಲೇ ನಡೆಯುತ್ತಿದೆ. ನಿಯಮ ಸರಳ. ವಸ್ತುವಿನ ಎರಡೂ ಬದಿಯ ಫೋಟೊ, ಆರಂಭದ ಬೆಲೆ, ಪ್ರತಿ ಸಲ ಕನಿಷ್ಠ ಎಷ್ಟು ಏರಿಸಬೇಕು, ಮುಗಿಯುವ ಸಮಯ. ನಮ್ಮ ಗುಂಪಿನಲ್ಲಿ ಭಾನುವಾರ ರಾತ್ರಿ 9ಕ್ಕೆ ಮುಕ್ತಾಯ. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಹೆಚ್ಚಿನ ಬೆಲೆ ಕೂಗಿದರೆ ಅಲ್ಲಿಂದ ಮತ್ತೆ ಐದು ನಿಮಿಷ. ಹೊಂಚು ಹಾಕಿ ಕೊನೆಯ ಕ್ಷಣದಲ್ಲಿ ಹೊಡೆದುಕೊಂಡು ಹೋಗುವವರಿಗೆ ಇದು ಸರಿಯಾದ ಮದ್ದು.

ನನ್ನ ಮೊದಲ ಮಾಲು ತಂತಿಯಿಂದ ಬಿಡಿಸಿದ ಅರವತ್ತು ಅಂಚೆ ಕಾರ್ಡುಗಳ ಒಂದು ಕಟ್ಟು. ಆರಂಭ 50 ರೂಪಾಯಿ, ಮುಗಿದದ್ದು 180ಕ್ಕೆ. ಒಲೆಗೆ ಹೋಗಬೇಕಾಗಿದ್ದ ಕಾಗದಕ್ಕೆ 180 ಬಂತೆಂದು ಆ ರಾತ್ರಿ ಪಾಯಸ ಮಾಡಿದ್ದೆ. ವಾರದ ನಂತರ ಕೊಂಡವರಿಂದ ಸಂದೇಶ ಬಂತು. ಬೆಳಗಾವಿಯ ಹಿರಿಯರು, ಸಜ್ಜನರು. ‘ತಂಗಿ, ಕಟ್ಟಿನಲ್ಲಿ ಸೂಪಾದ ಮೂರು ಅಂಚೆ ಠಸ್ಸೆ ಇದ್ದವು. ಮುಂದಿನ ಸಲ ಬಿಡಿಬಿಡಿಯಾಗಿ ಹಾಕಿ’ ಎಂದಿದ್ದರು.

ಸೂಪಾ ಎಂದರೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು. ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಹೋಯಿತು, ಊರು ನೀರಿನಡಿಗೆ ಹೋಯಿತು. ಮುಳುಗಿದ ಊರಿನ ಅಂಚೆ ಠಸ್ಸೆಯನ್ನು ಇನ್ನು ಯಾರೂ ಹೊಸದಾಗಿ ಒತ್ತುವಂತಿಲ್ಲ. ಅಂಚೆ ಸಂಗ್ರಹಕಾರರು ಕಾರ್ಡಿನ ಚೀಟಿಯನ್ನಲ್ಲ, ಆ ಕಪ್ಪು ವೃತ್ತವನ್ನು ಕೊಳ್ಳುತ್ತಾರೆ ಎಂಬುದು ನನಗೆ ಆಗ ಹೊಳೆಯಿತು.

ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾನು ಅಡಿಕೆ ಬೆಳೆಗಾರನ ಮಗಳು. ಒಳ್ಳೆಯ ದರದ ಚಾಲಿ ಬೇರೆ, ಕಡಿಮೆ ದರದ ಕೆಂಪುಗೋಟು ಬೇರೆ, ಬಿಳೆಗೋಟು ಬೇರೆ ಎಂದು ಅಂಗಳದಲ್ಲಿ ಕೂತು ಆರಿಸಿಯೇ ಬೆಳೆದವಳು. ‘ಚಾಲಿಯಲ್ಲಿ ನಾಲ್ಕು ಗೋಟು ಸೇರಿದರೆ ರಾಶಿಗೆಲ್ಲ ಗೋಟಿನ ದರವೇ’ ಎಂದು ಅಪ್ಪಯ್ಯ ನೂರು ಸಲ ಹೇಳಿದ್ದಾರೆ. ಶಿರಸಿಯ ಮಾರುಕಟ್ಟೆಯಲ್ಲಿ ವ್ಯಾಪಾರಿ ರಾಶಿಗೆ ಕೈ ಹಾಕಿ ನೋಡಿ ದರ ಬರೆಯುವಾಗ ಅವನ ಕಣ್ಣು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಆದರೂ ಕಾಗದದ ವಿಷಯದಲ್ಲಿ ಚಾಲಿ, ಗೋಟು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಮಾರಿಬಿಟ್ಟಿದ್ದೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಕೊಂಡೆ. ಮಳೆಗಾಲದ ಎರಡು ತಿಂಗಳು ರಾತ್ರಿ ಊಟವಾದ ಮೇಲೆ ಉಳಿದ ಆರು ತಂತಿಗಳ ಕಾರ್ಡುಗಳನ್ನು ಊರಿನ ಪ್ರಕಾರ ವಿಂಗಡಿಸಿದೆ. ಯಲ್ಲಾಪುರ, ಸಿದ್ದಾಪುರ, ಕುಮಟಾ ಧಾರಾಳವಾಗಿದ್ದವು. ಹಳ್ಳಿಯ ಸಣ್ಣ ಅಂಚೆ ಕಚೇರಿಗಳದ್ದು ಕಡಿಮೆ. ವೃತ್ತ ಪೂರ್ತಿ ಬಿದ್ದು ಊರು, ತಾರೀಖು ಎರಡೂ ಓದಲು ಸಿಗುವಂಥವು ಇನ್ನೂ ಕಡಿಮೆ. ಐದನೆಯ ತಂತಿಯಲ್ಲಿ ಸೂಪಾದ ಇನ್ನೊಂದು ಕಾರ್ಡು ಸಿಕ್ಕಿತು. ಹದಿನೈದು ಪೈಸೆಯದು. ಮದುವೆಯ ಮುಹೂರ್ತ ಮುಂದೆ ಹೋಗಿದೆ ಎಂಬ ಸುದ್ದಿ, ನಟ್ಟನಡುವೆ ತಂತಿಯ ತೂತು, ಆದರೆ ಠಸ್ಸೆ ಮಾತ್ರ ಈಗತಾನೆ ಒತ್ತಿದಂತೆ.

20 ರೂಪಾಯಿಗೆ ಹಾಕಿದೆ. ತೂತು ಕಾಣುವಂತೆ ಬೆಳಕಿಗೆ ಹಿಡಿದು ಒಂದು ಫೋಟೊ ಪ್ರತ್ಯೇಕವಾಗಿ ತೆಗೆದೆ. ದೋಷವನ್ನು ನಾನೇ ಮೊದಲು ತೋರಿಸಿದರೆ ಆಮೇಲೆ ವಾಪಸು ಬರುವ ತಲೆನೋವಿಲ್ಲ. 8.58ಕ್ಕೆ 140 ಆಗಿತ್ತು. ಅಲ್ಲಿಂದ ಬೆಳಗಾವಿಯ ಅದೇ ಹಿರಿಯರಿಗೂ ಮುಂಬಯಿಯ ಒಬ್ಬರಿಗೂ ಜಿದ್ದು ಬಿತ್ತು. ಹತ್ತು ಹತ್ತು ರೂಪಾಯಿಯಂತೆ ಏರುತ್ತಾ 9.26ಕ್ಕೆ 610ಕ್ಕೆ ನಿಂತಿತು. ಕಾರವಾರದ ಬೈತಖೋಲ ಬಂದರಿನಲ್ಲಿ ಬಂಗುಡೆ ಮೀನಿನ ಬುಟ್ಟಿಗೆ ಇಬ್ಬರು ಹೆಂಗಸರು ಹಟ ಹಿಡಿದು ಕೂಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಒಬ್ಬಳೇ ಇದ್ದ ದಿನ ಅದೇ ಬುಟ್ಟಿ ನೀರಿನ ಬೆಲೆಗೆ ಹೋಗುತ್ತದೆ. ನನ್ನ ಬೇರೆ ಕಾರ್ಡುಗಳು 20ಕ್ಕೆ ಹಾಕಿ 20ಕ್ಕೇ ಹೋದದ್ದೂ ಬೇಕಾದಷ್ಟಿದೆ.

ಅಂಥ 20ರ ಕಾರ್ಡಿನಲ್ಲೇ ಈ ವ್ಯಾಪಾರದ ನಿಜವಾದ ಕಷ್ಟವಿರುವುದು. ಮೊದಲೆಲ್ಲ 25 ರೂಪಾಯಿಯ ಆಸುಪಾಸಿನಲ್ಲಿ ರಿಜಿಸ್ಟರ್ಡ್ ಮಾಡಿ ಕಳಿಸುತ್ತಿದ್ದೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಈಗ ಹೊರ ಊರಿಗೆ ಒಂದು ಸಣ್ಣ ಲಕೋಟೆಗೂ ಐವತ್ತು ದಾಟುತ್ತದೆ. ಇಪ್ಪತ್ತರ ವಸ್ತುವಿಗೆ ಐವತ್ತೈದರ ಅಂಚೆ ಯಾರು ಕೊಡುತ್ತಾರೆ? ಹಾಗಾಗಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಲಕೋಟೆ ಇಟ್ಟು ಮೇಲೆ ಹೆಸರು ಬರೆದಿದ್ದೇನೆ. ಗೆದ್ದದ್ದಕ್ಕೆ ಎರಡು ದಿನದಲ್ಲಿ ಹಣ ಹಾಕಬೇಕು, ವಸ್ತು ನನ್ನಲ್ಲೇ ಇರುತ್ತದೆ, ತಿಂಗಳ ಕೊನೆಗೆ ಎಲ್ಲ ಸೇರಿಸಿ ಒಂದೇ ಅಂಚೆ. ಇದರಿಂದ ಅಂಚೆ ಉಳಿದದ್ದಕ್ಕಿಂತ ದೊಡ್ಡ ಲಾಭ ಇನ್ನೊಂದಾಯಿತು. ಲಕೋಟೆಯಲ್ಲಿ ಎರಡು ಕಾರ್ಡು ಇರುವವರು ‘ಹೇಗೂ ಅಂಚೆ ಕೊಡುತ್ತೇನಲ್ಲ’ ಎಂದು ಮತ್ತೆ ನಾಲ್ಕಕ್ಕೆ ಕೂಗುತ್ತಾರೆ.

ನಾಣ್ಯದಲ್ಲಿ ಮಾತ್ರ ಕೈ ಸುಟ್ಟುಕೊಂಡೆ. ಗುಜರಿ ಅಂಗಡಿಯಲ್ಲಿ ಒಂದು ಡಬ್ಬಿ ನಯಾಪೈಸೆ ಸಿಕ್ಕಿತು. 1957ರಲ್ಲಿ ದಶಮಾಂಶ ಪದ್ಧತಿ ಬಂದಾಗಿನ ಕಂಚಿನ ಒಂದು ನಯಾಪೈಸೆಗಳು, ಕಂದುಗಪ್ಪಾಗಿದ್ದವು. ಹಬ್ಬಕ್ಕೆ ದೀಪ ತೊಳೆಯುವವಳ ಬುದ್ಧಿ ಎಲ್ಲಿಗೆ ಹೋಗುತ್ತದೆ? ಹುಣಸೆಹುಳಿ ಹಚ್ಚಿ ತಿಕ್ಕಿದೆ. ಫಳಫಳ ಹೊಳೆಯುವ ಫೋಟೊ ಹಾಕಿದರೆ ಗುಂಪಿನಲ್ಲಿ ಒಬ್ಬರೂ ಕೂಗಲಿಲ್ಲ. ವರ್ಷಗಳಿಂದ ಕೂತ ಆ ಮಬ್ಬು ಬಣ್ಣವೇ ಸಂಗ್ರಹಕಾರರಿಗೆ ಬೇಕಾದದ್ದು, ತೊಳೆದ ನಾಣ್ಯ ಅವರ ಲೆಕ್ಕದಲ್ಲಿ ಗಾಯಗೊಂಡ ನಾಣ್ಯ. ಡಬ್ಬಿ ಇನ್ನೂ ಮನೆಯಲ್ಲೇ ಇದೆ, ಮಗಳ ಚೌಕಾಬಾರದ ಕಾಯಿಗೆ ಆಗುತ್ತದೆ.

ನೂರು ವರ್ಷ ದಾಟಿದ ನಾಣ್ಯಗಳ ತಂಟೆಗೆ ನಾನು ಹೋಗುವುದಿಲ್ಲ. ಅವು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ‘ಹಳೆಯ ಐದು ರೂಪಾಯಿ ನೋಟಿಗೆ ಲಕ್ಷ ಬರುತ್ತದಂತೆ, ಮಾರಿಕೊಡು’ ಎಂದು ತಿಂಗಳಿಗೊಬ್ಬ ನೆಂಟರಾದರೂ ಫೋನ್ ಮಾಡುತ್ತಾರೆ. ಲಕ್ಷ ಕೊಡುತ್ತೇನೆಂದವನು ಮೊದಲು ಕಮಿಷನ್ ಕೇಳುತ್ತಾನೆ. ರಿಸರ್ವ್ ಬ್ಯಾಂಕ್ ತನ್ನ ಹೆಸರಿನಲ್ಲಿ ನಡೆಯುವ ಈ ಮೋಸದ ಬಗ್ಗೆ 2021ರಲ್ಲೇ ಎಚ್ಚರಿಸಿದೆ ಎಂದರೂ ಮುಖ ಗಂಟಿಕ್ಕಿಕೊಳ್ಳುತ್ತಾರೆ.

ಕರಾವಳಿಯಲ್ಲಿ ಕಾಗದ ಕಾಯುವುದು ಬೇರೆಯೇ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು. ಅಟ್ಟದಲ್ಲಿ ಅಡುಗೆಮನೆಯ ಹೊಗೆ ತಾಗುತ್ತಾ ಇಷ್ಟು ವರ್ಷ ಹಾಳಾಗದೆ ಉಳಿದ ಕಾರ್ಡುಗಳು ಕಾರವಾರದ ಕಪಾಟಿನಲ್ಲಿ ಒಂದೇ ಮಳೆಗಾಲಕ್ಕೆ ಬಿಲ್ಲಿನಂತೆ ಬಾಗಿದವು. ಈಗ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ, ಒಳಗೆ ಔಷಧದ ಬಾಟಲಿಯಲ್ಲಿ ಬರುವ ತೇವ ಹೀರುವ ಪುಡಿಕೆಗಳು. ಪುಣೆಯ ಒಬ್ಬರು ಕಾರ್ಡು ಹೊಗೆ ನಾರುತ್ತದೆ ಎಂದು ದೂರಿದರು. ಅದು ತೆಗೆದರೂ ಹೋಗದು ಎಂದು ಬರೆದು, ಹಣ ವಾಪಸು ಕೊಡಲೇ ಎಂದು ಕೇಳಿದೆ. ಬೇಡವೆಂದರು.

ಹೋದ ತಿಂಗಳು 34 ಹರಾಜು, ಒಟ್ಟು 4,180 ರೂಪಾಯಿ. ಗುಜರಿಯವನಿಗೆ 1,150, ರಟ್ಟು, ಪ್ಲಾಸ್ಟಿಕ್ ಚೀಲಕ್ಕೆ 310, ಓಡಾಟಕ್ಕೆ 240, ಅಂಚೆಯಲ್ಲಿ ಕೈಯಿಂದ ಹೋದದ್ದು 130. ಉಳಿದದ್ದು 2,350. ಕೆಲಸದ ಹೊತ್ತು ಲೆಕ್ಕ ಹಾಕಿದರೆ ಗಂಟೆಗೆ ಎಂಬತ್ತೂ ಬೀಳುವುದಿಲ್ಲ. ಅಡಿಕೆ ಸುಲಿಯಲು ಹೋದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂದು ಅಪ್ಪಯ್ಯನ ಅಂಬೋಣ.

ಅವರೇ ಈಗ ಅಕ್ಕಪಕ್ಕದ ಮನೆಗಳಲ್ಲಿ ತಂತಿ ಕೇಳುತ್ತಾರೆ. ಆದರೆ ನನ್ನ ಕೈಗೆ ಕೊಡುವ ಮೊದಲು ಪ್ರತಿ ಕಾರ್ಡನ್ನೂ ಓದುತ್ತಾರೆ. ಯಾರದೋ ಸಾಲದ ಮಾತು, ಜಗಳ, ಕಾಯಿಲೆ ಇದ್ದರೆ ಅದನ್ನು ತೆಗೆದಿಟ್ಟು ಆ ಮನೆಗೇ ಮರಳಿಸುತ್ತಾರೆ. ಕಳೆದ ವಾರ ಹಾಗೆ ತೆಗೆದಿಟ್ಟ ಒಂದರ ಮೇಲೆ ಸೂಪಾದ ಠಸ್ಸೆ ಕಂಡಿತು. ‘ಇದೊಂದು ಕೊಡಿ’ ಎಂದೆ. ‘ಅದು ಬೇಡ ಕೂಸೆ’ ಎಂದು ಜೇಬಿಗೆ ಹಾಕಿಕೊಂಡರು.